ಹಳೇ ವಾಚನಾಲಯಕ್ಕೆ ಅಂಗಡಿ ಸಾಲು: ಎದುರಿಗೋ, ಪಕ್ಕಕ್ಕೋ?

(ಕಟ್ಟಡದ ಬಗ್ಗೆ ಕೆಲವರ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಹೇಳಿದವರ ಅಡ್ಡಹೆಸರು.)

ಗೆರೆ-ಸ್ಕೇಲು

ಕರಾವಳಿಯ ಒಂದು ಪುರಸಭೆ ಊರು, ಕುಮಟಾ-ಅಂಕೋಲಾ ಬದಿ ಅಂದುಕೊಳ್ಳಿ. ಸಮುದ್ರ ನೇರಕ್ಕೆ 900 ಮೀಟರ್. ಹಳೇ ವಾಚನಾಲಯದ ಅಳತೆ 24 × 9 ಮೀ., ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) 450 ಮಿ.ಮೀ. ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಎರಡು ಇಳಿಜಾರಿನ ಮಾಡು, ಪಂಚಾಂಗ (ಗೋಡೆ ಏಳುವ ಕಟ್ಟೆ) ನೆಲದಿಂದ 600 ಮಿ.ಮೀ. ಎತ್ತರ. ಉದ್ದದ ಮೈ ಪಶ್ಚಿಮಕ್ಕೆ, ರಸ್ತೆ ಕಡೆ. ಎದುರಿಗೆ 8 ಮೀ. ಅಂಗಳ, ದಕ್ಷಿಣಕ್ಕೆ 14 ಮೀ. ಖಾಲಿ ಜಾಗ, ಉತ್ತರಕ್ಕೆ ಬರೇ 5 ಮೀ.

ಬಾಡಿಗೆಗೆ 6 ಮಳಿಗೆ ಬೇಕಂತೆ. ಈಗಿನ ನಕ್ಷೆಯಲ್ಲಿ ಎದುರಿನ ಅಂಗಳ ಪೂರ್ತಿ ತುಂಬಿಸಿ 24 ಮೀ. ಉದ್ದದ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟು) ಸ್ಲ್ಯಾಬು, ರಸ್ತೆಗೆ ಗಾಜಿನ ಮುಖ, ಹಳೇ ಗೋಡೆಯೇ ಹಿಂಗೋಡೆ. ಒಂದು ಗೋಡೆ ಖರ್ಚು ಉಳಿತದೆ ಎಂಬ ವಾದ. ತಪ್ಪು ಎಲ್ಲೆಲ್ಲಿ ಇದೆ ಹೇಳಿ, ನಕ್ಷೆ ಇನ್ನೂ ಪೆನ್ಸಿಲಿನಲ್ಲೇ ಇದೆ.

ಚಿರೆಕಲ್ಲು

ಒಂದು ಗೋಡೆ ಉಳಿಸಲಿಕ್ಕೆ ಹೋಗಿ ಎರಡು ಕಟ್ಟಡ ಕಳಕೊಳ್ಳೂದು ಅಂದ್ರೆ ಇದು.

ಹಳೇ ಗೋಡೆ ಮೇಲೆ ಸ್ಲ್ಯಾಬು ಕೂರಿಸಬೇಡಿ. ಚಿರೆಕಲ್ಲಿಗೆ ಐಎಸ್ (ಭಾರತೀಯ ಮಾನಕ) 3620 ಕೇಳುವುದೇ ಚದರ ಮಿ.ಮೀ.ಗೆ 3.5 ನ್ಯೂಟನ್ ತಾಕತ್ತು, ನೀರು ಹೀರುವುದು ತೂಕದ ಶೇ. 12ರ ಒಳಗೆ. ಹಳೇ ಕಲ್ಲು ಅದಕ್ಕಿಂತ ಗಟ್ಟಿಯೂ ಇರಬಹುದು, ಮೆತ್ತಗೂ ಇರಬಹುದು. ಒಂದೇ ಗೋಡೆಯಲ್ಲಿ ಎರಡೂ ಸಿಗ್ತವೆ. ಹೆಂಚಿನ ಮಾಡಿನ ಭಾರಕ್ಕೆ ಅದು ಸಾಕು. ಆದರೆ ಒಂದೇ ಮಗ್ಗುಲಿಗೆ ಸ್ಲ್ಯಾಬಿನ ಭಾರ ಬಿದ್ದರೆ ಸುಣ್ಣದ ಗಾರೆ ನಿಧಾನಕ್ಕೆ ಕುಸಿದು ಗೋಡೆ ಹೊಟ್ಟೆ ಬಿಡ್ತದೆ.

ಅದಕ್ಕಿಂತ ದೊಡ್ಡ ಅಪಾಯ ಪಾಯದ್ದು. ಹಳೇ ಪಾಯ ಸಾಮಾನ್ಯವಾಗಿ 2ರಿಂದ 3 ಅಡಿ ಆಳ, ಮುರಕಲ್ಲಿನ (ನೆಲದಡಿಯ ಚಿರೆಕಲ್ಲು) ಪದರದ ಮೇಲೆ ಕೂತಿರ್ತದೆ. ಪಕ್ಕದಲ್ಲೇ ಹೊಸ ಕಂಬಕ್ಕೆ ಒಂದೂವರೆ ಮೀಟರ್ ಗುಂಡಿ ತೆಗೆದರೆ ಹಳೇ ಪಾಯದ ಅಡಿಯ ಮಣ್ಣಿಗೆ ಆಸರೆ ಹೋಯ್ತು. ನಮ್ಮ ಕಡೆ ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರ್ತದೆ. ಒಣಗಿದ್ದಾಗ ಕಲ್ಲಿನ ಹಾಗೆ, ನೀರು ಕುಡಿದರೆ ಬೆಣ್ಣೆ. ಮೇ ತಿಂಗಳಲ್ಲಿ ಗುಂಡಿ ನೋಡಿ "ಗಟ್ಟಿ ಉಂಟು" ಅಂದವರು ಜುಲೈಯಲ್ಲಿ ಬಿರುಕು ಎಣಿಸ್ತಾರೆ.

ಐಎಸ್ 1904ರ ಲೆಕ್ಕ ಸರಳ: ಬೇರೆ ಬೇರೆ ಆಳದ ಎರಡು ಪಾಯದ ಅಂಚುಗಳನ್ನು ಸೇರಿಸುವ ಗೆರೆ ಅಡ್ಡಕ್ಕೆ 2, ಇಳಿಕೆಗೆ 1 ಎಂಬುದಕ್ಕಿಂತ ಕಡಿದಾಗಬಾರದು. ಹಳೇದಕ್ಕಿಂತ 0.75 ಮೀ. ಆಳಕ್ಕೆ ಹೋಗಬೇಕಾದರೆ 1.5 ಮೀ. ದೂರ ಸರಿಯಬೇಕು. ಅಂದ್ರೆ ಅಂಟಿಸಿ ಕಟ್ಟುವ ಮಾತೇ ಇಲ್ಲ. ಕಂಬ ಹಿಂದೆ ಸರಿಸಿ, ಮಾಡು ಮಾತ್ರ ಮುಂದಕ್ಕೆ ಚಾಚಬೇಕು.

ಮತ್ತೆ, ಎರಡು ಕಟ್ಟಡದ ನಡುವೆ ಸಂದು. ಐಎಸ್ 4326 ಪ್ರಕಾರ ಆರ್‌ಸಿಸಿ ಚೌಕಟ್ಟಿಗೆ ಮಹಡಿಗೆ 20 ಮಿ.ಮೀ., ಉಕ್ಕಿನ ಚೌಕಟ್ಟಿಗೆ 30, ಏನೇ ಆದರೂ ಒಟ್ಟು 25ಕ್ಕೆ ಕಮ್ಮಿ ಇಲ್ಲ. ಕಾರವಾರ ಭೂಕಂಪ ಪಟ್ಟಿಯಲ್ಲಿ (ಐಎಸ್ 1893, 2016) ಮೂರನೇ ವಲಯ. ಕಾಗದದಲ್ಲಿ 30 ಬರೆದರೆ ಕಾಂಕ್ರೀಟಿನ ಉಬ್ಬು-ತಗ್ಗಿನಲ್ಲಿ ಅದು ಸೊನ್ನೆ ಆಗ್ತದೆ, ಆದ್ದರಿಂದ 50 ಬರೆಯಿರಿ. ಸೆಂಟ್ರಿಂಗ್ ಹಲಗೆ, ಕಾಂಕ್ರೀಟಿನ ಚೂರು ಸಂದಿನೊಳಗೆ ಉಳಿಯದ ಹಾಗೆ ಕೊನೆಗೆ ಟಾರ್ಚ್ ಹಾಕಿ ನೋಡಬೇಕು. ತುಂಬಿಕೊಂಡ ಸಂದು ಇದ್ದೂ ಇಲ್ಲದ ಹಾಗೆ.

ಹೆಂಚು-ರೀಪು

ನೀರಿನ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳ್ತೆ.

ಹಳೇ ಮಾಡಿನ ಪಶ್ಚಿಮದ ಇಳಿಜಾರು ಸುಮಾರು 24 × 5 = 120 ಚದರ ಮೀಟರ್. ಹೊಸ ಸ್ಲ್ಯಾಬಿನ ಒಂದು ಪಾಲು ನೀರೂ ಹಿಂದಕ್ಕೆ ಬಂದರೆ ಇನ್ನೊಂದು 80 ಹಿಡಿಯಿರಿ. ಒಟ್ಟು 200 ಚ.ಮೀ. ನೀರು ಎರಡು ಕಟ್ಟಡದ ನಡುವಿನ ಒಂದೇ ದೋಣಿಗೆ (ಮಾಡಿನ ನೀರು ಹಿಡಿಯುವ ಕಾಲುವೆಗೆ). ಕಾರವಾರ ಬದಿಗೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ದೋಣಿಗೆ ವರ್ಷದ ಲೆಕ್ಕ ಬೇಡ, ಹದಿನೈದು ನಿಮಿಷದ ಜಡಿಮಳೆಯ ಲೆಕ್ಕ ಬೇಕು. ಗಂಟೆಗೆ 200 ಮಿ.ಮೀ. ವೇಗ ಹಿಡಿದರೆ ಗಂಟೆಗೆ 40,000 ಲೀಟರ್, ಸೆಕೆಂಡಿಗೆ 11 ಲೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಲ್ಲಿ 150 ಮಿ.ಮೀ. ಪೈಪು ಆ ಮಳೆಗೆ 62.7 ಚ.ಮೀ. ಮಾಡು ತಡೀತದೆ, 100 ಮಿ.ಮೀ. ಪೈಪು ಬರೇ 21.3. ನಿಮಗೆ 150ರ ನಾಲ್ಕು ಪೈಪು ಬೇಕು. ಸಾಮಾನ್ಯವಾಗಿ ನಕ್ಷೆಯಲ್ಲಿ ಬರೆಯೂದು 100ರ ಎರಡು.

ಮತ್ತೆ ಆ ದೋಣಿಗೆ ಮರದ ಎಲೆ, ಒಡೆದ ಹೆಂಚಿನ ಚೂರು, ಕಾಗೆ ತಂದಿಟ್ಟ ಮೂಳೆ. ಒಂದು ಬಾಯಿ ಕಟ್ಟಿದರೆ ನೀರು ನುಗ್ಗುವುದು ಹಳೇ ಗೋಡೆಯ ತಲೆಗೆ, ಅಲ್ಲಿಂದ ಪುಸ್ತಕದ ಕಪಾಟಿಗೆ. ಎರಡು ಮಾಡು ಎದುರುಬದುರು ಇಳಿಯುವ ಜಾಗ ನಕ್ಷೆಯಲ್ಲಿ ಕಂಡರೆ ರಬ್ಬರು ತಗೊಳ್ಳಿ.

ಗೆರೆ-ಸ್ಕೇಲು

ಹಾಗಾದರೆ 3 ಮೀ. ಓಣಿ ಬಿಟ್ಟು ಎದುರಿಗೇ ಬಿಡಿಯಾಗಿ ಕಟ್ಟಿದರೆ? ಉಳಿಯೂದು 5 ಮೀ. ಅದರಲ್ಲಿ ಅಂಗಡಿ 3.6, ಜಗಲಿ 1.4.

ಕೋಡಿಬಾಗದ ಗಾಳಿ

1.4 ಮೀ. ಜಗಲಿ ಪಶ್ಚಿಮಕ್ಕೆ! ಮಾರಾಯ್ರೆ, ಜೂನ್-ಜುಲೈಯಲ್ಲಿ ಮಳೆ ಮೇಲಿಂದ ಬರೂದಿಲ್ಲ, ಅಡ್ಡಕ್ಕೆ ಬರ್ತದೆ. ನೈಋತ್ಯದ ಗಾಳಿಗೆ 45 ಡಿಗ್ರಿಯಲ್ಲಿ ಎರಚಲು ಹೊಡೆದರೆ, ಸೂರು ನೆಲದಿಂದ 2.7 ಮೀ. ಎತ್ತರ ಇದ್ದಾಗ ನೀರು 2.7 ಮೀ. ಒಳಗೆ ಬೀಳ್ತದೆ. ಅಂಗಡಿಯವ ಮೊದಲ ವಾರವೇ ನೀಲಿ ತಾಡಪಾಲು ಕಟ್ತಾನೆ. ನಿಮ್ಮ "ಆಧುನಿಕ" ಗಾಜಿನ ಮುಖ ನಾಲ್ಕು ತಿಂಗಳು ತಾಡಪಾಲಿನ ಹಿಂದೆ. ಹಿಂದಿನವರು ಮಡ್ಲು (ತೆಂಗಿನ ಗರಿ) ತಟ್ಟಿ ಕಟ್ಟುತ್ತಿದ್ದದ್ದು ಸೌಂದರ್ಯಕ್ಕಲ್ಲ.

ಗಾಳಿಯ ಲೆಕ್ಕವನ್ನೂ ಬರೆದಿಡಿ: ಐಎಸ್ 875ರ ಮೂರನೇ ಭಾಗದ ನಕ್ಷೆಯಲ್ಲಿ ನಮ್ಮ ಕರಾವಳಿಗೆ ಸೆಕೆಂಡಿಗೆ 39 ಮೀಟರ್. ಮುಂದೆ ಬಾಯಿ ಬಿಟ್ಟುಕೊಂಡ ಅಂಗಡಿಗೆ ಒಳಗಿನ ಒತ್ತಡವೂ ಸೇರಿ ಮಾಡು ಮೇಲೆತ್ತುವ ಬಲ ಹೆಚ್ಚು.

ಎದುರಿಗೆ ಬೇಡ, ಪಕ್ಕಕ್ಕೆ ಹೋಗಿ. ದಕ್ಷಿಣದ 14 ಮೀ. ಇಟ್ಟುಕೊಂಡು ಎಂತಕ್ಕೆ ಅಂಗಳ ತಿನ್ನೂದು?

ಗೋಡೆಯಿಂದ 3 ಮೀ. ಓಣಿ, ಆಮೇಲೆ 2.4 ಮೀ. ಜಗಲಿ, 4.5 ಮೀ. ಆಳದ ಅಂಗಡಿ, ಹಿಂದೆ 4 ಮೀ. ಬಯಲು. ಸಾಲು ಪೂರ್ವ-ಪಶ್ಚಿಮಕ್ಕೆ 17 ಮೀ. (ಅಂಗಳದ 8 + ಕಟ್ಟಡದ 9). ಅಂಗಡಿಗಳ ಮುಖ ಉತ್ತರಕ್ಕೆ, ಅಂಗಳ-ಓಣಿಯ ಕಡೆಗೆ. ಎರಚಲು ಬೀಳುವುದು ದಕ್ಷಿಣದ ಹಿಂಗೋಡೆಗೆ ಮತ್ತು ಪಶ್ಚಿಮದ ತುದಿಗೋಡೆಗೆ. ಅಲ್ಲಿ ಷಟರೂ ಇಲ್ಲ, ಕಿಟಕಿಯೂ ಸಣ್ಣದು. ವಾಚನಾಲಯದ ಮುಖ ರಸ್ತೆಗೆ ಹಾಗೇ ಕಾಣ್ತದೆ.

ಬಾಡಿಗೆ ಲೆಕ್ಕ

ಚಿತ್ರ ಚಂದ, ವ್ಯಾಪಾರ ಯಾರು ಮಾಡುವವರು? 17 ಮೀ. ಸಾಲಿನಲ್ಲಿ ರಸ್ತೆಗೆ ಕಾಣುವುದು ಮುಂದಿನ 8 ಮೀ. ಮಾತ್ರ. 3.3 ಮೀ. ಅಂತರಕ್ಕೆ ಗೋಡೆ ಹಾಕಿದರೆ 5 ಮಳಿಗೆ, ಅದರಲ್ಲಿ ಎರಡಕ್ಕೆ ಹರಾಜಿನಲ್ಲಿ ಕೂಗು ಬರ್ತದೆ, ಮೂರನೆಯದಕ್ಕೆ ಅರೆಮನಸ್ಸು, ಕೊನೆಯ ಎರಡಕ್ಕೆ ಬೀಗ. ಬೀಗ ಬಿದ್ದ ಮಳಿಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿದು ಗೋದಾಮೂ ಆಗೂದಿಲ್ಲ.

ಕೋಡಿಬಾಗದ ಗಾಳಿ

ಒಪ್ಪಿದೆ. ಅದಕ್ಕೇ ಹಿಂದಿನ ಎರಡನ್ನು ಒಡೆಯದೆ 6.6 × 4.5 ಮೀ.ನ ಒಂದೇ ಮಳಿಗೆ ಮಾಡಿ, ಜನ ಹುಡುಕಿಕೊಂಡು ಬರುವಂಥದ್ದನ್ನು ಅಲ್ಲಿ ಇಡಿ: ಪಡಿತರ ಅಂಗಡಿ, ಬೀಜ-ಗೊಬ್ಬರ, ಸಹಕಾರಿ ಮಾರಾಟ. ಅವರಿಗೆ ರಸ್ತೆ ಬೇಡ, ಗಾಡಿ ಹಿಂದಿನ ಬಯಲಿಗೆ ಬರಬೇಕು ಅಷ್ಟೇ. ಹೋಗ್ತಾ ಬರ್ತಾ ಕೊಳ್ಳುವ ಹೂವು, ಹಣ್ಣು, ಚಾ ಮುಂದಕ್ಕೆ. ಹಿಂದಕ್ಕೆ ಹೋಗುವ ಜನ ಮುಂದಿನ ಮೂರು ಅಂಗಡಿ ದಾಟಿಯೇ ಹೋಗಬೇಕು. ಒಂದು ಮಳಿಗೆ ಕಡಿಮೆ ಆಯ್ತು, ಆದರೆ ಖಾಲಿ ಒಂದೂ ಇಲ್ಲ.

ಬಾಡಿಗೆ ಲೆಕ್ಕ

ಹ್ಞಾಂ, ಇದು ಲೆಕ್ಕಕ್ಕೆ ಕೂರ್ತದೆ. ಹಾಗಾದರೆ ಪಡಿತರ ಮಳಿಗೆಯ ಮೇಲೆ ಮಹಡಿಯ ಆಸೆ ಬಿಡಿ, ಅಥವಾ ಅಕ್ಕಿ ಚೀಲ ಮೇಲೆ ಹೋಗದ ಹಾಗೆ ನೋಡಿಕೊಳ್ಳಿ. ಚಿಲ್ಲರೆ ಅಂಗಡಿಗೆ ಐಎಸ್ 875 ಹೇಳುವ ಭಾರ ಚ.ಮೀ.ಗೆ 4 ಕಿಲೋನ್ಯೂಟನ್, ಅಂದಾಜು 400 ಕೆ.ಜಿ. 50 ಕೆ.ಜಿ. ಚೀಲ ಒಂದರ ಮೇಲೊಂದು 8 ಇಟ್ಟರೆ 0.45 ಚ.ಮೀ. ಜಾಗದ ಮೇಲೆ 400 ಕೆ.ಜಿ., ಚ.ಮೀ.ಗೆ ಸುಮಾರು 890. ಎರಡು ಪಟ್ಟಿಗಿಂತ ಜಾಸ್ತಿ. ನೆಲಕ್ಕೆ ತೊಂದರೆ ಇಲ್ಲ, ಸ್ಲ್ಯಾಬಿಗೆ ಇದೆ.

ಇನ್ನೊಂದು: ಒಳಗೆ 3.6 ಮೀ. ಎತ್ತರ ಕೊಟ್ಟರೆ ಬಾಡಿಗೆದಾರ ಮೂರನೇ ತಿಂಗಳಿಗೆ ಕಬ್ಬಿಣದ ಅಟ್ಟ ಬೆಸುಗೆ ಹಾಕಿಸ್ತಾನೆ, ಗೋಡೆಗೆ ತೂತು ಕೊರೆದು. ಪಕ್ಕದ ಅಂಗಡಿಯ ಗೋಡೆಯೂ ಅದೇ. ಗೋಡೆಯ ಮಟ್ಟದಲ್ಲಿ 3 ಮೀ. ಸಾಕು. ಅಟ್ಟ ಬೇಕೇ ಬೇಕು ಅಂದ್ರೆ ಹಿಂದಿನ 1.2 ಮೀ.ಗೆ ನೀವೇ ಆರ್‌ಸಿಸಿ ಹಲಗೆ ಹಾಕಿಕೊಡಿ.

ಕಡತ ನೋಡುವವಳು

ಗೆರೆ ಎಳೆಯುವ ಮೊದಲು ಜಾಗದ ಕಾಗದ ತೆಗೆಸಿ. ಕಟ್ಟಡ ಪುರಸಭೆಯ ಹೆಸರಲ್ಲಿದ್ದು ನಿವೇಶನ ಕಂದಾಯ ಇಲಾಖೆ ಹೆಸರಲ್ಲಿರುವುದು, ವಾಚನಾಲಯಕ್ಕೆ ಅಂತಲೇ ಯಾರೋ ದಾನ ಕೊಟ್ಟ ಷರತ್ತು ಇರುವುದು, ಇವೆಲ್ಲ ಸಾಮಾನ್ಯ. ದಾನಪತ್ರದಲ್ಲಿ "ಸಾರ್ವಜನಿಕ ಓದಿಗೆ ಮಾತ್ರ" ಎಂದಿದ್ದರೆ ಬಾಡಿಗೆ ಅಂಗಡಿ ಅಲ್ಲಿಗೇ ನಿಂತಿತು.

ಸಮುದ್ರ 900 ಮೀ. ಎಂದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಮರೆಯಬೇಡಿ. ಕಡಲಿಂದ 500 ಮೀ. ಲೆಕ್ಕ ಬೇರೆ, ಭರತದ ನೀರು ಏರುವ ಹಳ್ಳದ ಲೆಕ್ಕ ಬೇರೆ. 2019ರ ಅಧಿಸೂಚನೆಯಲ್ಲಿ ಅಂಥ ಹಳ್ಳದ ದಂಡೆಯಿಂದ 50 ಮೀ. ಅಥವಾ ಹಳ್ಳದ ಅಗಲ, ಯಾವುದು ಕಡಿಮೆಯೋ ಅದು. ನಿಮ್ಮ ಹಿಂದಿನ ಬಯಲಿನ ಆಚೆ ಕಾಲುವೆ ಇದ್ದು, ಅದರಲ್ಲಿ ಹುಣ್ಣಿಮೆ-ಅಮಾವಾಸ್ಯೆಗೆ ಉಪ್ಪುನೀರು ಬರ್ತಿದ್ದರೆ ವಲಯದ ನಕ್ಷೆಯಲ್ಲಿ ನೋಡಿಯೇ ಮುಂದುವರಿಯಿರಿ. ಭಟ್ಕಳ, ಬನವಾಸಿಯಂಥ ಊರಿನವರು ಇದನ್ನು ಓದುತ್ತಿದ್ದರೆ, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀ. ಒಳಗೆ ಹೊಸ ಕಟ್ಟಡವೇ ಇಲ್ಲ, ಅದರಾಚೆಯ 200 ಮೀ.ನಲ್ಲಿ ಅನುಮತಿ ಬೇಕು.

ಮತ್ತೊಂದು ವಿಷಯ ನಕ್ಷೆಯವರು ಮರೆಯುತ್ತಾರೆ. ಕಂಪೌಂಡಿನ ಹೊರಗೆ ಈಗ ಬುಟ್ಟಿ ಇಟ್ಟು ಕೂರುವವರು ಇದ್ದಾರಲ್ಲ, ತರಕಾರಿ ತರುವ ಹಾಲಕ್ಕಿ ಹೆಂಗಸರು, ಹೂವಿನವರು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ, ಪ್ರಮಾಣಪತ್ರ ಆಗದೆ ಅವರನ್ನು ಎಬ್ಬಿಸುವಂತಿಲ್ಲ. ಅಂಗಳ ಉಳಿಯುವ ಈ ಹೊಸ ನಕ್ಷೆಯಲ್ಲಿ ಅವರಿಗೆ ಜಾಗ ಬರೆಯಿರಿ. ಆಮೇಲೆ ಸೇರಿಸುತ್ತೇವೆ ಎಂದರೆ ಆಗುವುದಿಲ್ಲ, ಅಂದಾಜುಪಟ್ಟಿಯಲ್ಲೇ ಇರಬೇಕು.

ಗೆರೆ-ಸ್ಕೇಲು

ಅಕ್ಕ, ಅವರಿಗೆ ಕಟ್ಟೆ ಎಷ್ಟು ಎತ್ತರ ಇಡೂದು?

ಕಡತ ನೋಡುವವಳು

ಎತ್ತರದ ಕಟ್ಟೆ ಮಾಡಿದರೆ ಅವರು ಅದರ ಮೇಲೆ ಬುಟ್ಟಿ ಇಟ್ಟು ಕೆಳಗೆ ನಿಲ್ಲಬೇಕಾಗುತ್ತದೆ. ಕೂತು ಮಾರುವವರಿಗೆ 300 ಮಿ.ಮೀ. ಸಾಕು, ಒಬ್ಬರಿಗೆ 1.2 × 1.5 ಮೀ., ರಸ್ತೆ ಕಡೆಗೆ ಸಣ್ಣ ಇಳಿಜಾರು. ಮೇಲೆ 1.8 ಮೀ. ಎತ್ತರಕ್ಕೆ ಒಂದು ಅಡ್ಡ ಪೈಪು. ಕುಮಟಾ ಈರುಳ್ಳಿಯ ಹೆಣೆದ ಗೊಂಚಲು ತೂಗಿಸುವುದು ಅಲ್ಲೇ. ಇಲ್ಲದಿದ್ದರೆ ನಿಮ್ಮ ಸೂರಿನ ದೋಣಿಗೇ ತೂಗಿಸುತ್ತಾರೆ.

ಚಿರೆಕಲ್ಲು

ಪಕ್ಕಕ್ಕೆ ಹೋದದ್ದರಿಂದ ಪಾಯದ ತಲೆಬಿಸಿ ಮುಕ್ಕಾಲು ಹೋಯ್ತು. ಈಗ ಕಾಂಕ್ರೀಟು.

ಐಎಸ್ 456ರಲ್ಲಿ ಕರಾವಳಿ ಗಾಳಿಗೆ ತೆರೆದ ಕಾಂಕ್ರೀಟು "ತೀವ್ರ" ವರ್ಗ: ಎಂ30 ತಾಕತ್ತಿನ ದರ್ಜೆ, ನೀರು-ಸಿಮೆಂಟು ಅನುಪಾತ 0.45, ಘನಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟು, ಸರಳಿನ ಮೇಲೆ 45 ಮಿ.ಮೀ. ಹೊದಿಕೆ. ಅಲೆಯ ತುಂತುರು ನೇರ ಬೀಳುವ ಜಾಗವಾದರೆ ಎಂ35, 340 ಕೆ.ಜಿ., 50 ಮಿ.ಮೀ. ಘಟ್ಟದ ಮೇಲಿನ ಅಂದಾಜುಪಟ್ಟಿ ನಕಲು ಮಾಡಿ ಕರಾವಳಿಗೆ ಎಂ20 ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ. 45 ಮಿ.ಮೀ. ಹೊದಿಕೆಗೆ ಜಲ್ಲಿ ತುಂಡು ಕೊಟ್ಟು ಸರಳು ಎತ್ತಿದರೆ ಕಾಂಕ್ರೀಟು ಹಾಕುವಾಗ ಜಾರಿ 20 ಆಗ್ತದೆ. ಕಾಂಕ್ರೀಟಿನದ್ದೇ ಹೊದಿಕೆ ಬಿಲ್ಲೆ ಒಂದು ವಾರ ಮೊದಲೇ ಹಾಕಿ, ನೀರಲ್ಲಿ ಇಟ್ಟು, ಚ.ಮೀ.ಗೆ ನಾಲ್ಕರಂತೆ ಕೊಡಿ.

ಉಸುಕು ನೋಡಿಕೊಳ್ಳಿ. ಅಳಿವೆ ಹತ್ತಿರದ ಉಸುಕಿನಲ್ಲಿ ಉಪ್ಪು ಇರ್ತದೆ. ನೀರೂ ಅಷ್ಟೇ: ಆರ್‌ಸಿಸಿಗೆ ಲೀಟರಿಗೆ 500 ಮಿ.ಗ್ರಾಂ. ಕ್ಲೋರೈಡು ಮಿತಿ. ಜನವರಿಯಲ್ಲಿ ಸಿಹಿ ಇದ್ದ ಬಾವಿ ಏಪ್ರಿಲ್‌ನಲ್ಲಿ ಉಪ್ಪಾಗ್ತದೆ, ಆದ್ದರಿಂದ ಒಂದೇ ಸಲ ಪರೀಕ್ಷೆ ಮಾಡಿ ಕೈಬಿಡಬೇಡಿ. ಸಿಮೆಂಟು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ್ದು) ಅಥವಾ ಪಿಪಿಸಿ (ಹಾರುಬೂದಿ ಬೆರೆಸಿದ್ದು) ಇರಲಿ, ಉಪ್ಪು ಒಳಗೆ ಇಳಿಯುವುದು ನಿಧಾನ ಆಗ್ತದೆ. ಆದರೆ ನೀರುಣಿಸುವುದು ಹೆಚ್ಚು ದಿನ ಬೇಕು.

ಗೋಡೆಗೆ ಚಿರೆಕಲ್ಲೇ ಹಾಕಿ. ಕಡಿದು ತಂದ ಕಲ್ಲನ್ನು ಕೂಡಲೇ ಕಟ್ಟಬೇಡಿ, ಗಾಳಿಗೆ ಬಿಟ್ಟರೆ ಗಟ್ಟಿ ಆಗ್ತದೆ. ದಕ್ಷಿಣದ ಹಿಂಗೋಡೆಗೆ ಗಿಲಾವು ಮಾಡುವುದಾದರೆ ಸುಣ್ಣ ಬೆರೆಸಿದ್ದು. ಹಳೇ ಕಟ್ಟಡಕ್ಕಂತೂ ಸಿಮೆಂಟು ಗಿಲಾವು ಮುಟ್ಟಿಸಬೇಡಿ. ಗೋಡೆಯ ಒಳಗಿನ ತೇವ ಹೊರಬರಲಾಗದೆ ಗಿಲಾವಿನ ಹಿಂದೆ ಕಲ್ಲು ಪುಡಿಯಾಗ್ತದೆ. ಹೊಸ ಅಂಗಡಿ ನೋಡಿ ಹಳೇದೂ ಹೊಸದಾಗಲಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ.

ಹೆಂಚು-ರೀಪು

ಮಾಡು ಸ್ಲ್ಯಾಬು ಬೇಡ, ಹೆಂಚೇ ಇರಲಿ. ಈ ಮಳೆಗೆ ಚಪ್ಪಟೆ ಸ್ಲ್ಯಾಬು ಹಾಕಿದವರೆಲ್ಲ ಕೊನೆಗೆ ಅದರ ಮೇಲೆ ತಗಡಿನ ಮಾಡು ಹಾಕಿದ್ದಾರೆ. ಎರಡು ಮಾಡಿನ ದುಡ್ಡು.

ಲೆಕ್ಕ: ಅಗಲ 6.9 ಮೀ., ಉತ್ತರಕ್ಕೆ 0.9, ದಕ್ಷಿಣಕ್ಕೆ 0.7 ಸೂರು ಸೇರಿ 8.5 ಮೀ. ಉದ್ದ ಎರಡೂ ತುದಿಯ ಚಾಚು ಸೇರಿ 18.5. ಮಟ್ಟಸ ವಿಸ್ತೀರ್ಣ 157, 30 ಡಿಗ್ರಿ ಇಳಿಜಾರಿಗೆ 182 ಚ.ಮೀ. ಚ.ಮೀ.ಗೆ 15ರಂತೆ 2,730 ಹೆಂಚು. ಒಡೆಯುವುದು ಸೇರಿ 2,900. ಮೂಲೆಹೆಂಚು 60. ಒಣ ಹೆಂಚು ಚ.ಮೀ.ಗೆ 40-45 ಕೆ.ಜಿ., ಮಳೆಗಾಲದಲ್ಲಿ ಹೀರಿಕೊಂಡಾಗ 50 ಹಿಡಿಯಿರಿ. ಹಳೇ ಮನೆ ಕೆಡವಿದ ಕಡೆ ಒಳ್ಳೇ ಹೆಂಚು ಸಿಗ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಠಣ್ ಅಂದರೆ ತಗೊಳ್ಳಿ, ದಬ್ ಅಂದರೆ ಬಿಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚು ಬೆರೆಸಬೇಡಿ. ಕೊಕ್ಕೆ, ತೋಡು ಕೂರದೆ ಎರಚಲು ಒಳಗೆ ಬರ್ತದೆ. ರೀಪಿನ ಅಂತರ ಹೆಂಚು ಕೈಗೆ ಬಂದ ಮೇಲೆ ಹತ್ತು ಹೆಂಚು ಜೋಡಿಸಿ ಅಳೆದು ಹಾಕಿ, ನಕ್ಷೆ ನೋಡಿ ಹಾಕಬೇಡಿ. ಸೂರಿನ ಎರಡು ಸಾಲು, ತುದಿಗೋಡೆಯ ಎರಡು ಸಾಲು, ಮೂಲೆಹೆಂಚು: ಇವಕ್ಕೆ ಸ್ಟೇನ್‌ಲೆಸ್ ತಂತಿಯಲ್ಲಿ ಕಟ್ಟು. ಗಾಳಿ ಮೊದಲು ಎತ್ತುವುದು ಇವನ್ನೇ.

ಚೌಕಟ್ಟು ಉಕ್ಕಿನದ್ದಾದರೆ ಬಿಸಿ ಸತುವಿನಲ್ಲಿ ಅದ್ದಿದ ಪೈಪು, ಬೋಲ್ಟಿನ ಜೋಡಣೆ. ಸತು ಹಚ್ಚಿದ ಪೈಪನ್ನು ಜಾಗದಲ್ಲೇ ಬೆಸುಗೆ ಹಾಕಿದರೆ ಬೆಸುಗೆಯ ಸುತ್ತ ಸತು ಸುಟ್ಟು ಹೋಗ್ತದೆ, ತುಕ್ಕು ಅಲ್ಲಿಂದಲೇ ಶುರು. ಪೈಪಿನ ತುದಿ ಮುಚ್ಚಿರಬೇಕು.

ಉತ್ತರದ ಇಳಿಜಾರು ಮಟ್ಟಸ ಲೆಕ್ಕಕ್ಕೆ ಸುಮಾರು 79 ಚ.ಮೀ., ಅದಕ್ಕೆ 150ರ ಎರಡು ಪೈಪು. ದೋಣಿ ಅಲ್ಯುಮಿನಿಯಂ ಅಥವಾ ಫೈಬರ್, ತುದಿ ಬಾಯಿಯನ್ನು ಮೇಲಂಚಿಗಿಂತ 40 ಮಿ.ಮೀ. ತಗ್ಗಿಗೆ ಕತ್ತರಿಸಿ ಬಿಡಿ. ಪೈಪು ಕಟ್ಟಿದರೂ ನೀರು ಹೊರಗೇ ಸುರೀತದೆ, ಸುರಿಯುವುದು ಕಂಡಾಗಲಾದರೂ ಯಾರೋ ಏಣಿ ಹತ್ತುತ್ತಾರೆ.

ಘಟ್ಟದ ಮೇಲಿನವ

ಶಿರಸಿ, ಯಲ್ಲಾಪುರ, ಸಿದ್ದಾಪುರದವರಿಗೆ ಇದರಲ್ಲಿ ಎಂತೆಂತ ಬದಲಾಗ್ತು ಹೇಳಿ ಹಾಕ್ತೆ.

ಉಪ್ಪಿಲ್ಲೆ, ಹಾಗಾಗಿ ಎಂ25, 30 ಮಿ.ಮೀ. ಹೊದಿಕೆಯ "ಮಧ್ಯಮ" ವರ್ಗ ಸಾಕು. ಬದಲಿಗೆ ಒರಲೆ (ಗೆದ್ದಲು). ಪಾಯ ತುಂಬುವ ಮೊದಲೇ ಐಎಸ್ 6313ರ ಪ್ರಕಾರ ಮಣ್ಣಿಗೆ ಮದ್ದು ಹಾಕಿಸಿ. ನೆಲ ಮುಗಿದ ಮೇಲೆ ಕೊರೆದು ಹಾಕುವುದು ದುಬಾರಿ, ಫಲವೂ ಅರ್ಧ.

ಇನ್ನು ಮಂಗ. ಕರಾವಳಿಯವರು ನಗಬಹುದು, ನಮ್ಮಲ್ಲಿ ಬರೀ ಹೆಂಚಿನ ಮಾಡು ಉಳಿಸೂದು ಕಷ್ಟ. ಒಂದು ಹಿಂಡು ಹಾರಿ ಹೋದರೆ ಹತ್ತು ಹೆಂಚು ಸರಿತು. ಪರಿಹಾರ ಅಂದ್ರೆ ಅಡಿಗೆ 0.5 ಮಿ.ಮೀ. ಅಲ್ಯುಮಿನಿಯಂ-ಸತು ಲೇಪದ ತಗಡು, ಅದರ ಮೇಲೆ ಇಳಿಜಾರಿನುದ್ದಕ್ಕೆ ಪಟ್ಟಿ, ಪಟ್ಟಿಯ ಮೇಲೆ ಅಡ್ಡ ರೀಪು, ಮೇಲೆ ಹೆಂಚು. ಉದ್ದಪಟ್ಟಿ ಬಿಟ್ಟು ರೀಪನ್ನೇ ತಗಡಿಗೆ ಹೊಡೆದರೆ ಸೋರಿದ ನೀರು ರೀಪಿಗೆ ತಡೆದು ನಿಲ್ತದೆ, ಮೊಳೆಯ ತೂತಿನಲ್ಲಿ ಒಳಗಿಳೀತದೆ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇರುವ ವರ್ಷ ಪೇಟೆಯೊಳಗೆ ಕೆಲಸ ಹಿಡಿದರೆ ಆ ದಿನಗಳಲ್ಲಿ ಲಾರಿಯೂ ಇಲ್ಲೆ, ಆಳೂ ಇಲ್ಲೆ. ವೇಳಾಪಟ್ಟಿಯಲ್ಲಿ ಬಿಟ್ಟೇ ಬರೆಯಿರಿ.

ಗೆರೆ-ಸ್ಕೇಲು

ಹಳೇ ಕಟ್ಟಡದಿಂದ ಹೊಸದಕ್ಕೆ ನೆನೆಯದೆ ಹೋಗಲು ದಾರಿ ಕೇಳಿದ್ದಾರೆ. ದಕ್ಷಿಣದ ಗೋಡೆಯಲ್ಲಿ ಬಾಗಿಲು ಕಡಿಯಬೇಕಾ?

ಚಿರೆಕಲ್ಲು

ಆ ಗೋಡೆಯಲ್ಲಿ ಕಿಟಕಿ ಇದೆಯಲ್ದಾ? 1.05 ಮೀ. ಅಗಲ ಇದ್ದರೆ ಅದರ ಕೆಳಗಿನ ಗೋಡೆಯನ್ನಷ್ಟೇ ನೆಲದವರೆಗೆ ತೆಗೆಯಿರಿ. ಮೇಲಿನ ಕಮಾನು ಅಥವಾ ಲಿಂಟಲ್ ಹಾಗೇ ಇರ್ತದೆ, 1 ಮೀ. ಬಾಗಿಲು ಸಿಕ್ತು. ಕಲ್ಲನ್ನು ಸುತ್ತಿಗೆಯಲ್ಲಿ ಹೊಡೆಯದೆ ಗರಗಸದ ಯಂತ್ರದಲ್ಲಿ ಕೊಯ್ಯಿಸಿ. ಸುತ್ತಿಗೆಯ ಪೆಟ್ಟಿಗೆ ಪಕ್ಕದ ಗಾರೆ ಸಡಿಲ ಆಗ್ತದೆ.

ಕಿಟಕಿ ಇಲ್ಲದ ಕಡೆಯೇ ಬೇಕು ಎಂದಾದರೆ, ಮೂಲೆಯಿಂದ ಕನಿಷ್ಠ 600 ಮಿ.ಮೀ. ಬಿಟ್ಟು, ಗೋಡೆಯ ಅರ್ಧ ದಪ್ಪವನ್ನು ಒಂದು ಮಗ್ಗುಲಿಂದ ಕಡಿದು 150 ಮಿ.ಮೀ.ನ ಒಂದು ಚಾನಲ್ (ಉಕ್ಕಿನ ತೊಲೆ) ಕೂರಿಸಿ, ಮೇಲೆ ಕುಗ್ಗದ ಗ್ರೌಟು ಬಿಗಿದು ವಾರ ಬಿಡಿ. ಆಮೇಲೆ ಇನ್ನೊಂದು ಮಗ್ಗುಲು, ಇನ್ನೊಂದು ಚಾನಲ್, ಎರಡಕ್ಕೂ ಬೋಲ್ಟು. ಕೆಳಗಿನ ಕಲ್ಲು ತೆಗೆಯೂದು ಎಲ್ಲಕ್ಕಿಂತ ಕೊನೆಗೆ. ಒಂದೇ ದಿನಕ್ಕೆ ಮುಗಿಸುತ್ತೇನೆ ಅಂದವನಿಗೆ ಕೆಲಸ ಕೊಡಬೇಡಿ.

ಓಣಿಯ ಮೇಲಿನ ಮರೆ ಹೊಸ ಕಟ್ಟಡದ ಕಂಬಗಳಿಂದಲೇ ಚಾಚಲಿ. ಹಳೇ ಗೋಡೆಗೆ 50 ಮಿ.ಮೀ. ಮೊದಲೇ ನಿಲ್ಲಲಿ, ಇಳಿಜಾರು ಹೊಸದರ ಕಡೆಗೆ. ಮರೆಯ ನೀರೂ ಅದೇ ದೋಣಿಗೆ ಬೀಳೂದಾದರೆ ಮೂರನೇ ಪೈಪು ಸೇರಿಸಿ. ಸಂದಿನ ಮೇಲೆ ಅಲ್ಯುಮಿನಿಯಂ ತಗಡಿನ ಎರಡು ತುಂಡು: ಒಂದು ಗೋಡೆಯ ಗಾರೆಯ ಸಾಲಿನಲ್ಲಿ 25 ಮಿ.ಮೀ. ಆಳಕ್ಕೆ ಸಿಗಿಸಿದ್ದು, ಒಂದು ಮರೆಗೆ ಸೇರಿದ್ದು, ಮೇಲಿನದು ಕೆಳಗಿನದರ ಮೇಲೆ 100 ಮಿ.ಮೀ. ಬರೀ ಹೊದ್ದಿರಬೇಕು. ಎರಡನ್ನೂ ಸೇರಿಸಿ ಸ್ಕ್ರೂ ಹೊಡೆದರೆ ಸಂದು ಬಿಟ್ಟದ್ದು ವ್ಯರ್ಥ. ಗಾರೆಯೊಳಗೆ ಹೋಗುವ ಅಂಚಿಗೆ ಡಾಂಬರು ಬಣ್ಣ ಬಳಿಯಿರಿ, ಹಸಿ ಸುಣ್ಣ-ಸಿಮೆಂಟು ಅಲ್ಯುಮಿನಿಯಂ ತಿನ್ತದೆ.

ಕೋಡಿಬಾಗದ ಗಾಳಿ

ಹೊಸ ಜಗಲಿಯ ಮಟ್ಟವನ್ನು ಹಳೇದರಂತೆ 600ಕ್ಕೇ ಇಡಿ. ಆಗ ಓಣಿಗೆ ಅಡ್ಡ ಒಂದು ಮಟ್ಟಸ ಹಲಗೆ, ಎರಡು ಕಟ್ಟಡಕ್ಕೂ ಒಂದೇ ಗಾಲಿಕುರ್ಚಿ ದಾರಿ. 600 ಮಿ.ಮೀ.ಗೆ 1:12ರಂತೆ 7.2 ಮೀ. ಇಳಿಜಾರು, ಮೇಲೆ-ಕೆಳಗೆ 1.5 ಮೀ. ಮಟ್ಟಸ ಸೇರಿ 10.2. ಅಗಲ 1.2, ಎರಡೂ ಬದಿ ಕೈಹಿಡಿ. ನೇರಕ್ಕೆ ಸಿಗದಿದ್ದರೆ ಅಂಗಳದ ದಕ್ಷಿಣದ ಅಂಚಿನಲ್ಲಿ ಮಡಚಿ. ಆ ಹಲಗೆಯ ತುದಿಯಲ್ಲೂ 50 ಮಿ.ಮೀ. ಸಂದು ಬರ್ತದೆ, ಮೇಲೆ ಒಂದೇ ಬದಿಗೆ ಕಚ್ಚಿದ ಗೆರೆಗೆರೆ ತಗಡು ಮುಚ್ಚಿ. ನೆಲಕ್ಕೆ ಹೊಳೆಯುವ ಟೈಲು ಹಾಕಿ ಜನರ ಸೊಂಟ ಮುರಿಯಬೇಡಿ, ಉಳಿ ಹೊಡೆದ ಕಲ್ಲು ಹಾಕಿ. ರಸ್ತೆ ಪ್ರತಿ ಡಾಂಬರಿಗೆ ಏರ್ತಾ ಹೋಗ್ತದೆ, 600 ಇಟ್ಟದ್ದಕ್ಕೆ ಮುಂದೆ ಸಂತೋಷ ಪಡ್ತೀರಿ.

ಮೂರು ಫೇಸು

ಕರೆಂಟು ಬಗ್ಗೆ ಯಾರೂ ಮಾತಾಡಲಿಲ್ಲ, ಯಾವಾಗಲೂ ಹೀಗೇ.

ಹೆಸ್ಕಾಂ ಮೀಟರ್ ನಾಲ್ಕು ಮಳಿಗೆಗೆ ನಾಲ್ಕು, ಜಗಲಿ-ಪಂಪಿಗೆ ಒಂದು. ಎಲ್ಲ ಒಂದೇ ಫಲಕದಲ್ಲಿ, ಪೂರ್ವದ ತುದಿಗೋಡೆಗೆ. ಪಶ್ಚಿಮದಲ್ಲಿ ಇಟ್ಟರೆ ಎರಡು ಮಳೆಗಾಲಕ್ಕೆ ಒಳಗೆ ಹಸಿರು ಹಿಡೀತದೆ. ವಾಚನಾಲಯದ ಹಳೇ ಮೇನ್ ಸ್ವಿಚ್ಚಿನಿಂದ ಹೊಸದಕ್ಕೆ ಎಳೆಯಬೇಡಿ. ಸಾಮಾನ್ಯ ಅಂಗಡಿಗೆ 2 ಕಿ.ವಾ., ಫ್ರೀಜರ್ ಇಡುವವನಿಗೆ 3. ಪ್ರತಿ ಮಳಿಗೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು). ಒಂದೇ ದೊಡ್ಡದು ಹಾಕಿದರೆ ಒಬ್ಬನ ಒದ್ದೆ ವೈರಿಗೆ ಎಲ್ಲರ ದೀಪ ಹೋಗ್ತದೆ, ಆಮೇಲೆ ಯಾರೋ ಅದನ್ನೇ ತೆಗೆದು ನೇರ ಕೊಡ್ತಾರೆ. ಸಿಡಿಲಿಗೆ ಮುಖ್ಯ ಫಲಕದಲ್ಲಿ ಸರ್ಜ್ ರಕ್ಷಕ.

ಅರ್ಥಿಂಗ್: ಮುರಕಲ್ಲು ಬೇಸಿಗೆಯಲ್ಲಿ ಕರೆಂಟು ಹರಿಸೂದಿಲ್ಲ. ಮಳೆಗಾಲದಲ್ಲಿ ಅಳೆದ ಅಂಕಿ ನಂಬಬೇಡಿ, ಏಪ್ರಿಲ್‌ನಲ್ಲಿ ಅಳೆಯಿರಿ. ಜಿಐ ಪೈಪಿನ ಬದಲು ತಾಮ್ರ ಲೇಪದ ಸರಳು ಎರಡು, ನಡುವೆ ಸರಳಿನ ಉದ್ದದಷ್ಟು ಅಂತರ.

ಹಳೇ ಗೋಡೆಗೆ ಕ್ಲಿಪ್ ಹೊಡೆಯುವುದಿದ್ದರೆ ಗಾರೆಯ ಸಾಲಿಗೆ, ಕಲ್ಲಿಗೆ ಅಲ್ಲ.

ಕಡತ ನೋಡುವವಳು

ಬೆಂಕಿಯದ್ದು ಎರಡೇ ಮಾತು. ಅಂಗಡಿ-ಅಂಗಡಿ ನಡುವಿನ ಗೋಡೆ ಹೆಂಚಿನ ಅಡಿಯವರೆಗೆ ಮುಟ್ಟಬೇಕು. 3 ಮೀ.ಗೆ ನಿಲ್ಲಿಸಿ ಮೇಲೆ ಖಾಲಿ ಬಿಟ್ಟರೆ ಒಂದರ ಹೊಗೆ ನಾಲ್ಕೂ ಮಳಿಗೆಗೆ, ಕಳ್ಳನಿಗೂ ಅದೇ ದಾರಿ. ಚಾ ಅಂಗಡಿಯ ಸಿಲಿಂಡರು ಹೊರಗೆ, ಹಿಂದಿನ ಬಯಲಿನಲ್ಲಿ ಬೀಗದ ಗೂಡಿನೊಳಗೆ. ಅಂಗಡಿಯ ಒಳಗೆ ಒಲೆ ಮಾತ್ರ. ಆರಿಸುವ ಸಿಲಿಂಡರು ಎಲ್ಲಿ ನಿಂತರೂ 15 ಮೀ. ಒಳಗೆ ಸಿಗುವ ಹಾಗೆ.

ಬಾಡಿಗೆ ಲೆಕ್ಕ

ಮೀನಿನ ಅಂಗಡಿಗೆ ಒಂದು ಕೊಡಿ ಎಂಬ ಒತ್ತಾಯ ಬರ್ತದೆ, ಬರದೇ ಇರೂದಿಲ್ಲ. ಈ ಸಾಲಿನಲ್ಲಿ ಬೇಡ. ಐಸು ಕರಗಿದ ಉಪ್ಪುನೀರು ದಿನವಿಡೀ ಇಳೀತದೆ, ಷಟರಿನ ಕಾಲು, ನೆಲದ ಸರಳು ಎರಡೂ ತಿನ್ತದೆ. ಕೊಡಲೇಬೇಕಾದರೆ ಬೇರೆ ಕಟ್ಟೆ, ನೆಲಕ್ಕೆ 1:60 ಇಳಿಜಾರು, ಪರೆ-ಕರುಳು ತಡೆಯುವ ಬಲೆಗುಂಡಿ, ಬೇರೆ ಕಾಲುವೆ.

ಶೌಚಾಲಯದ ಇಂಗುಗುಂಡಿ ಕುಡಿಯುವ ಬಾವಿಯಿಂದ 18 ಮೀ. ದೂರ ಎಂಬುದು ಐಎಸ್ 2470ರ ಮಿತಿ. ಮುರಕಲ್ಲಿನ ತೂತುಗಳಲ್ಲಿ ನೀರು ಓಡುವ ವೇಗ ನೋಡಿದರೆ ಅದು ಕನಿಷ್ಠ ಅಷ್ಟೇ. ಪಕ್ಕದ ಕಂಪೌಂಡಿನ ಬಾವಿಯನ್ನೂ ಅಳೆಯಿರಿ.

ಗೆರೆ-ಸ್ಕೇಲು

ಷಟರ್ ಯಾವುದು? ಮತ್ತೆ ಕೆಲಸದ ತಿಂಗಳು ಹೇಗೆ ಹಂಚೂದು?

ಹೆಂಚು-ರೀಪು

ಮಳೆ ಜೂನ್ ಮೊದಲ ವಾರಕ್ಕೆ ಬಂತು ಅಂತಲೇ ಹಿಡಿಯಿರಿ. ಅಕ್ಟೋಬರ್ ಕೊನೆಗೆ ಗುರುತು ಹಾಕಿ, ಡಿಸೆಂಬರ್ ಒಳಗೆ ಪಾಯ-ಪಂಚಾಂಗ, ಮಾರ್ಚ್ ಒಳಗೆ ಕಂಬ-ಗೋಡೆ, ಮೇ 15ಕ್ಕೆ ಮಾಡು, ದೋಣಿ, ಕಾಲುವೆ. ಬಣ್ಣ, ಕರೆಂಟು, ಬಾಗಿಲು ಮಳೆಯಲ್ಲಿ ಒಳಗೆ ಮಾಡಬಹುದು. ಟೆಂಡರು ಜನವರಿಗೆ ಮುಗಿದರೆ ಪಂಚಾಂಗದವರೆಗೆ ಮಾತ್ರ ಮಾಡಿ ನಿಲ್ಲಿಸಿ. ಗೋಡೆ ಎಬ್ಬಿಸಿ ಮಾಡಿಲ್ಲದೆ ಮಳೆಗೆ ಬಿಟ್ಟ ಚಿರೆಕಲ್ಲು ಗಾರೆ ತೊಳೆದು ಹೋಗಿ ಹಾವಸೆ ಹಿಡಿದು, ಮುಂದಿನ ವರ್ಷ ಮೇಲಿನ ಎರಡು ವರಸೆ ತೆಗೆದು ಕಟ್ಟಬೇಕಾಗ್ತದೆ.

ಕೋಡಿಬಾಗದ ಗಾಳಿ

ಷಟರು ಸತು ಲೇಪದ ಪಟ್ಟಿಯದ್ದು, 2.4 × 2.4 ಮೀ. ಹಾಳಾಗುವುದು ಪಟ್ಟಿ ಅಲ್ಲ, ಬದಿಯ ಹಳಿಯ ಕೆಳಗಿನ ಒಂದು ಅಡಿ ಮತ್ತು ಅಡಿಪಟ್ಟಿ. ಹಳಿಯನ್ನು ನೆಲದಲ್ಲಿ ಹೂಳದೆ 10 ಮಿ.ಮೀ. ಮೇಲೆ ನಿಲ್ಲಿಸಿ, ಕೆಳಗಿನ 300 ಮಿ.ಮೀ. ಸ್ಟೇನ್‌ಲೆಸ್ ತುಂಡು ಬೋಲ್ಟಿನಲ್ಲಿ ಜೋಡಿಸಿ, ಕೆಟ್ಟರೆ ಅಷ್ಟೇ ಬದಲಾಯಿಸಬಹುದು. ಎರಡು ಲೋಹದ ನಡುವೆ ರಬ್ಬರು ತೆಳುಪಟ್ಟಿ ಮರೀಬೇಡಿ. ಹೊಸ್ತಿಲು ಹೊರಗಡೆಗೆ 10 ಮಿ.ಮೀ. ಇಳಿಜಾರು.

ನಾಮಫಲಕಕ್ಕೆ ಸೂರಿನ ಕೆಳಗೆ, ಷಟರಿನ ಪೆಟ್ಟಿಗೆಯ ಮುಂದೆ 450 ಮಿ.ಮೀ. ಎತ್ತರದ ಒಂದೇ ಪಟ್ಟಿ ಮೊದಲೇ ಕಟ್ಟಿಕೊಡಿ, ಹಿಂದೆ ದೀಪದ ವೈರು ಎಳೆದು. ಮುಂದಿನ ಮೂವರದ್ದೂ ಒಂದೇ ಅಳತೆ. ಪಶ್ಚಿಮದ ತುದಿಗೋಡೆಗೆ ಎಲ್ಲರ ಹೆಸರಿನ ಒಂದು ಫಲಕ, ರಸ್ತೆಗೆ ಕಾಣುವ ಹಾಗೆ. ಪಡಿತರ ಮಳಿಗೆಯ ಹೆಸರು ಅದರಲ್ಲಿ ಎಲ್ಲಕ್ಕಿಂತ ಮೇಲೆ ಬರಲಿ, ಹಿಂದೆ ಇರುವವನು ಅವನೇ.

ಗೆರೆ-ಸ್ಕೇಲು

ಸರಿ, ಹಳೇ ಹಾಳೆ ಹರಿದೆ. ಹಿಂದಿನ ಬಯಲಿನ ಆಚೆ ಕಾಲುವೆ ಇದೆ, ಭರತಕ್ಕೆ ನೀರು ಏರ್ತದೆ, ಅಗಲ 6 ಮೀ. ಅಂದರೆ ದಂಡೆಯಿಂದ 6 ಮೀ. ಬಿಡಬೇಕು, ದಕ್ಷಿಣದ ಗಡಿಯಿಂದ ದಂಡೆಗೆ 3 ಮೀ., ನನ್ನ ಹಿಂಗೋಡೆ ಗಡಿಯಿಂದ 4 ಮೀ. ಒಳಗೆ, ಒಟ್ಟು 7. ಗೋಡೆ ದಾಟಿತು. ಹಿಂದಿನ ಬಯಲಿನಲ್ಲಿ ಗುರುತಿಸಿದ್ದ ಇಂಗುಗುಂಡಿ ದಾಟಲಿಲ್ಲ, ಅದನ್ನು ಉತ್ತರದ 5 ಮೀ. ಪಟ್ಟಿಗೆ ಒಯ್ಯಬೇಕು. ನಾಳೆ ಅಲ್ಲಿಂದ ಬಾವಿಗಳ ದೂರ ಅಳೀತೆ.